ವಾರಂಟಿ ಇರುವ ಕಾರಿನಲ್ಲಿ ಎಲ್ಲಿಂದಲೋ ಬರುವ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನಲ್ಲಿ ಹೊಸದಾಗಿ ಏನೋ ಸದ್ದು ಶುರುವಾಗಿದೆ. ಓಡಿಸಬಹುದಾ, ನಿಲ್ಲಿಸಬೇಕಾ?

ಹೆಚ್ಚಿನ ಸದ್ದುಗಳು ಬರೀ ಕಿರಿಕಿರಿ, ಅಪಾಯವಲ್ಲ. ಆದರೆ ಕೆಲವು ಸದ್ದು ಕೇಳಿದರೆ ಮುಂದೆ ಓದುವುದೂ ಬೇಡ, ಗಾಡಿ ಪಕ್ಕಕ್ಕೆ ಹಾಕಿ. ಇಂಜಿನ್ ಒಳಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಬಂದು, ಆಯಿಲ್ ದೀಪವೂ ಹತ್ತಿಕೊಂಡರೆ ಆ ಕ್ಷಣವೇ ಇಂಜಿನ್ ಆಫ್ ಮಾಡಿ. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಗರಗರ ಅನ್ನುತ್ತಲೇ ಇದ್ದರೆ ಓಡಿಸಬೇಡಿ. ಸ್ಟೀರಿಂಗ್ ನಡುಗುತ್ತಾ ಕೆಳಗಿನಿಂದ ಧಡ್ ಧಡ್ ಬಂದರೂ ಅಷ್ಟೇ. ಟೈರ್ ಬಿಚ್ಚಿ ಹಾಕಿಸಿದ ಮೇಲೆ ಲೊಡಲೊಡ ಶುರುವಾದರೆ ಚಕ್ರದ ನಟ್ ಸಡಿಲ ಇರಬಹುದು, ಮೊದಲು ಅದನ್ನು ನೋಡಿ.

ಇಲ್ಲಿ ವಾರಂಟಿಯ ವಿಷಯವೂ ಇದೆ. ಕೆಂಪು ದೀಪ ಹತ್ತಿದ ಮೇಲೂ ಓಡಿಸಿ ಇಂಜಿನ್ ಹಾಳಾದರೆ, ಹಾಳಾಗಿದ್ದು ನಿಮ್ಮಿಂದ ಅನ್ನಲು ಕಂಪನಿಗೆ ದಾರಿ ಸಿಗುತ್ತದೆ.

ವಾರಂಟಿ ಇದೆಯಲ್ಲ, ಕಾರು ಬಿಟ್ಟು ಬಂದರಾಯ್ತು. ನಾನ್ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಯಾವ ಪಾರ್ಟ್ ಹಾಳಾಗಿದೆ ಅಂತ ಕಂಡುಹಿಡಿಯುವುದು ನಿಮ್ಮ ಕೆಲಸವಲ್ಲ, ನಿಜ. ಆದರೆ ಸದ್ದು ಬರಿಸುವುದು ಹೇಗೆ ಅನ್ನುವುದು ನಿಮಗೆ ಮಾತ್ರ ಗೊತ್ತು. ಅದನ್ನು ಹೇಳದೆ ಕಾರು ಬಿಟ್ಟು ಬಂದರೆ ಏನಾಗುತ್ತದೆ? ಮೆಕ್ಯಾನಿಕ್ ಒಂದು ಸುತ್ತು ಓಡಿಸುತ್ತಾನೆ. ಸದ್ದು ಬರುವುದಿಲ್ಲ. 'ಸಮಸ್ಯೆ ಕಂಡುಬಂದಿಲ್ಲ' ಅಂತ ಬರೆದು, ಕಾರು ತೊಳೆದು ಕೊಡುತ್ತಾರೆ. ಮನೆಗೆ ಬರುವ ದಾರಿಯಲ್ಲೇ ಮತ್ತೆ 'ಟಕ್'.

ಇದರಲ್ಲಿ ಯಾರ ಕಳ್ಳಾಟವೂ ಇರಬೇಕಾಗಿಲ್ಲ. ವಾರಂಟಿ ಕೆಲಸಕ್ಕೆ ಸರ್ವೀಸ್ ಸೆಂಟರ್‌ನವರು ಕಂಪನಿಯಿಂದ ಹಣ ಪಡೆಯಬೇಕು. ಅದಕ್ಕೆ ಗ್ರಾಹಕರ ದೂರು ಏನು, ಕಾರಣ ಏನು, ಏನು ಸರಿಮಾಡಿದೆವು ಅಂತ ಮೂರನ್ನೂ ಬರೆಯಬೇಕು. ಸದ್ದೇ ಕೇಳಿಸದಿದ್ದರೆ ಎರಡನೆಯ ಜಾಗದಲ್ಲಿ ಏನು ಬರೆಯುವುದು?

ಸದ್ದನ್ನು ಹೇಗೆ ವಿವರಿಸಲಿ? 'ಒಂಥರಾ ಸೌಂಡು' ಅಂದರೆ ಅವರು ನಗುತ್ತಾರೆ.

ಈ ವಿಷಯದಲ್ಲಿ ನಾವು ಪುಣ್ಯವಂತರು. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಕಲಿತಿದ್ದೆವಲ್ಲ, ಪಟಪಟ, ದಬದಬ, ಸರಸರ? ಅವೆಲ್ಲ ಉಪಯೋಗಕ್ಕೆ ಬರುವುದು ಇಲ್ಲೇ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಿಕ್ಕಿದರೆ ಕಿರ್ ಕಿರ್. ತೆಳು ತಗಡು ಅದುರಿದರೆ ಜರ್ರ್. ಸಡಿಲವಾದ ಭಾರದ ವಸ್ತು ಬಡಿದರೆ ಧಡ್. ಸಣ್ಣ ಲೋಹದ ತುಂಡು ತಾಗಿದರೆ ಟಿಣ್. ಬೇರಿಂಗ್ ಸವೆದರೆ ಗುಂಯ್. ಬೆಲ್ಟ್ ಜಾರಿದರೆ ಕೀಂಯ್. ನಾಚಿಕೊಳ್ಳದೆ ಬಾಯಲ್ಲಿ ಆ ಸದ್ದು ಮಾಡಿ ತೋರಿಸಿ.

ಆದರೆ ಪಾರ್ಟಿನ ಹೆಸರು ಮಾತ್ರ ನೀವೇ ಹೇಳಬೇಡಿ. 'ಶಾಕ್ ಅಬ್ಸಾರ್ಬರ್ ಹೋಗಿದೆ, ನೋಡಿ' ಅಂದರೆ ಅವರು ಶಾಕ್ ಅಬ್ಸಾರ್ಬರ್ ಮಾತ್ರ ನೋಡುತ್ತಾರೆ. ಅದು ಚೆನ್ನಾಗಿದೆ ಅಂತ ಬರೆದು ಕಳಿಸುತ್ತಾರೆ. ಅವರು ಹೇಳಿದ್ದು ಸುಳ್ಳೂ ಅಲ್ಲ.

ಹಾಗಾದರೆ ಏನೇನು ಗಮನಿಸಿ ಬರೆದಿಡಬೇಕು?

ಸದ್ದು ಯಾವುದರ ಬೆನ್ನು ಹತ್ತಿದೆ ಅನ್ನುವುದೇ ಮುಖ್ಯ. ಇಂಜಿನ್ ವೇಗದ್ದೋ, ಚಕ್ರದ ವೇಗದ್ದೋ, ಬ್ರೇಕಿನದೋ, ಸ್ಟೀರಿಂಗಿನದೋ, ರಸ್ತೆಯ ಗುಂಡಿಯದೋ, ಇಲ್ಲ ಹವೆಯ ಚಳಿ ಸೆಕೆಯದೋ? ಒಂದು ವಾರ ಸುಮ್ನೆ ಗಮನಿಸಿ. ನಿಲ್ಲಿಸಿದ ಮೇಲೆ ಫೋನಿನಲ್ಲಿ ಒಂದೊಂದು ಸಾಲು ಬರೆದಿಡಿ.

ಒಳ್ಳೆಯ ಟಿಪ್ಪಣಿ ಹೀಗಿರುತ್ತದೆ: 'ಬೆಳಿಗ್ಗೆ ಮೊದಲ ಹತ್ತು ನಿಮಿಷ ಮಾತ್ರ. 20ರಿಂದ 30 ಕಿ.ಮೀ. ವೇಗದಲ್ಲಿ, ಸಣ್ಣ ಉಬ್ಬುತಗ್ಗು ಹಾದಾಗ. ಎಡಗಡೆ ಮುಂದೆ ಇದ್ದ ಹಾಗೆ ಕೇಳಿಸುತ್ತದೆ. ದೊಡ್ಡ ಹಂಪ್ ಮೇಲೆ ಬರುವುದಿಲ್ಲ. ಬ್ರೇಕ್ ಮೇಲೆ ಕಾಲಿಟ್ಟು ಹೋದರೆ ನಿಲ್ಲುತ್ತದೆ.' ಇದನ್ನು ಓದಿದ ಅನುಭವಿ ಮೆಕ್ಯಾನಿಕ್ ಕಾರು ಎತ್ತುವ ಮೊದಲೇ ಎರಡು ಮೂರು ಜಾಗಗಳ ಮೇಲೆ ಕಣ್ಣಿಡುತ್ತಾನೆ. ಬ್ರೇಕ್ ಒತ್ತಿದರೆ ನಿಲ್ಲುತ್ತದೆ ಅನ್ನುವ ಒಂದೇ ಮಾತು ಸಾಕು, ಸಡಿಲವಾದ ಬ್ರೇಕ್ ಪ್ಯಾಡ್ ಅಥವಾ ಅದನ್ನು ಹಿಡಿದು ಒತ್ತುವ ಕ್ಯಾಲಿಪರ್ ಕಡೆ ಬೊಟ್ಟು ಮಾಡಲು.

ಸದ್ದು ಇಂಜಿನ್ನಿನದೋ ಚಕ್ರದ್ದೋ, ನನಗೇ ಗೊತ್ತಾಗುತ್ತದಾ?

ಖಂಡಿತ ಗೊತ್ತಾಗುತ್ತದೆ. ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿ. ಆಗಲೂ ಸದ್ದು ಬಂದು ಇಂಜಿನ್ ಜೊತೆ ಏರಿಳಿದರೆ ಅದು ಇಂಜಿನ್ನಿನದು, ಇಲ್ಲವೇ ಇಂಜಿನ್ ತಿರುಗಿಸುವ ಬೆಲ್ಟ್, ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಕಡೆಯದು. ಎಸಿ ಆಫ್ ಮಾಡಿದಾಗ ನಿಂತರೆ ಇನ್ನೂ ಒಂದು ಸುಳಿವು ಸಿಕ್ಕಿತು. ನಿಂತಲ್ಲಿ ಏನೂ ಬರದೆ, ಓಡುವಾಗ ಮಾತ್ರ ಬಂದು, ಅದೇ ವೇಗದಲ್ಲಿ ಗೇರ್ ಬದಲಿಸಿದರೂ ಸ್ವರ ಬದಲಾಗದಿದ್ದರೆ ಅದು ಚಕ್ರದ ಕಡೆಯದು.

ನನಗೆ ಬಹಳ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಸಾಮಾನ್ಯ ಕಾರಿನ ಟೈರ್ ಒಂದು ಸುತ್ತು ಉರುಳಿದರೆ ಸುಮಾರು 2 ಮೀಟರ್ ದಾಟುತ್ತದೆ. ಗಂಟೆಗೆ 7 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 2 ಮೀಟರ್. ಅಂದರೆ ಬಿರುಸಾಗಿ ನಡೆಯುವ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದು ಸಲ ತಿರುಗುತ್ತದೆ. ಖಾಲಿ ಜಾಗದಲ್ಲಿ ಅಷ್ಟು ನಿಧಾನಕ್ಕೆ ಹೋಗಿ ಎಣಿಸಿ. ಸೆಕೆಂಡಿಗೊಂದು 'ಟಿಕ್' ಬಂದರೆ ಸದ್ದು ಚಕ್ರದ ಜೊತೆಗೇ ಸುತ್ತುತ್ತಿದೆ. ಸರ್ವೀಸ್ ಸೆಂಟರ್‌ಗೆ ಓಡುವ ಮೊದಲು ಟೈರಿನ ಮೇಲಿನ ಸಂದಿಗಳಲ್ಲಿ ಕಲ್ಲೋ ಮೊಳೆಯೋ ಸಿಕ್ಕಿದೆಯಾ ನೋಡಿ. ಕಲ್ಲಾದರೆ ಕಿತ್ತು ಬಿಸಾಡಿ. ಮೊಳೆಯಾದರೆ ಕೀಳಬೇಡಿ, ಗಾಳಿ ಹೋದೀತು. ಹಾಗೇ ಪಂಕ್ಚರ್ ಹಾಕಿಸಲು ಹೋಗಿ.

ಡ್ಯಾಶ್‌ಬೋರ್ಡ್ ಒಳಗಿಂದಲೇ ಬರುತ್ತಿದೆ, ನನಗೆ ಗ್ಯಾರಂಟಿ. ಅವರು ಕೆಳಗೆ ಏನೋ ನೋಡುತ್ತಿದ್ದಾರಲ್ಲ?

ನೋಡಲಿ ಬಿಡಿ. ಕಾರಿನೊಳಗೆ ನಮ್ಮ ಕಿವಿ ಸುಲಭವಾಗಿ ಮೋಸಹೋಗುತ್ತದೆ. ಎರಡು ಕಿವಿಗೆ ಸದ್ದು ತಲುಪುವ ಸಮಯದಲ್ಲಿ ಆಗುವ ಚೂರು ವ್ಯತ್ಯಾಸದಿಂದ ಮಿದುಳು ದಿಕ್ಕು ಹಿಡಿಯುತ್ತದೆ. ಆ ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಕಾರಿನಲ್ಲಿ ಸದ್ದು ಬರೀ ಗಾಳಿಯಲ್ಲಿ ಬರುವುದಿಲ್ಲ, ಉಕ್ಕಿನ ಬಾಡಿಯಲ್ಲೂ ಹರಿಯುತ್ತದೆ. ಉಕ್ಕಿನಲ್ಲಿ ಅದರ ವೇಗ ಸೆಕೆಂಡಿಗೆ 5,000 ಮೀಟರ್ ಮೀರುತ್ತದೆ. ಗಾಳಿಯಲ್ಲಿ ಸುಮಾರು 340 ಅಷ್ಟೇ. ಕೆಳಗೆ ಸಸ್ಪೆನ್ಷನ್ನಿನಲ್ಲಿ ಬಡಿದದ್ದು ಬಾಡಿಯಲ್ಲಿ ಹರಿದು, ಎಲ್ಲೋ ತೆಳುವಾದ ಪ್ಯಾನೆಲ್ ಸಿಕ್ಕ ಕಡೆ ಹೊರಗೆ ಬರುತ್ತದೆ. ನಮಗೆ ಅದು ಗ್ಲೋವ್ ಬಾಕ್ಸ್ ಸದ್ದು!

ಇದಕ್ಕೆಂದೇ 'ಚಾಸಿ ಇಯರ್' ಅನ್ನುವ ಒಂದು ಉಪಕರಣ ಇದೆ. ಕೆಳಗಿನ ಬೇರೆ ಬೇರೆ ಪಾರ್ಟುಗಳಿಗೆ ಪುಟ್ಟ ಮೈಕ್‌ಗಳನ್ನು ಕ್ಲಿಪ್ ಹಾಕಿ, ಓಡಿಸುತ್ತಾ ಒಂದೊಂದನ್ನೇ ಹೆಡ್‌ಫೋನಿನಲ್ಲಿ ಕೇಳುತ್ತಾರೆ. ಸದ್ದು ಎರಡನೇ ಸಲವೂ ಸಿಗದಿದ್ದರೆ 'ಚಾಸಿ ಇಯರ್ ಹಾಕಿ ನೋಡುತ್ತೀರಾ?' ಅಂತ ಕೇಳಿ.

ವೇಗ ಏರಿದ ಹಾಗೆ ಗುಂಯ್ ಅನ್ನುವುದು ಜಾಸ್ತಿಯಾಗುತ್ತದೆ. ಟೈರಾ, ಬೇರಿಂಗಾ?

ಎರಡೂ ಒಂದೇ ಥರ ಕೇಳಿಸುತ್ತವೆ, ಅದೇ ತೊಂದರೆ. ರಸ್ತೆ ಬದಲಾದಾಗ ಕಿವಿಗೊಡಿ. ಒರಟು ಕಾಂಕ್ರೀಟಿನಿಂದ ನುಣುಪಾದ ಡಾಂಬರಿಗೆ ಬಂದಾಗ ಸದ್ದು ಪಟ್ಟನೆ ಇಳಿದರೆ ಟೈರ್ ಕಡೆ ಅನುಮಾನ. ರಸ್ತೆ ಯಾವುದಾದರೂ ಹಾಗೇ ಗುಂಯ್‌ಗುಟ್ಟಿದರೆ ಬೇರಿಂಗ್ ಇರಬಹುದು.

ಬೇರಿಂಗ್ ಆದರೆ ಅಗಲವಾದ ತಿರುವಿನಲ್ಲಿ ಸುಳಿವು ಕೊಡುತ್ತದೆ. ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಎಡಗಡೆ ಬೇರಿಂಗ್ ನೋಡಬೇಕು. ಎಡಕ್ಕೆ ತಿರುಗಿದಾಗ ಜಾಸ್ತಿಯಾದರೆ ಬಲಗಡೆಯದು. ಇನ್ನೂ ಅನುಮಾನವಿದ್ದರೆ ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ. ಸದ್ದೂ ಜಾಗ ಬದಲಿಸಿತೇ? ಟೈರೇ.

ವಾರಂಟಿಯಲ್ಲಿ ಇದಕ್ಕೆ ಬೆಲೆ ಇದೆ. ಬೇರಿಂಗ್ ಸಾಮಾನ್ಯವಾಗಿ ಕಾರಿನ ವಾರಂಟಿಗೆ ಸೇರುತ್ತದೆ. ಟೈರಿಗೆ ಬಹಳ ಸಲ ಟೈರ್ ಕಂಪನಿಯದೇ ಬೇರೆ ವಾರಂಟಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟರೆ ಕಟಕಟ ಅನ್ನುತ್ತದೆ.

ಮುಂದಿನ ಚಕ್ರ ಎಳೆಯುವ ಕಾರಾದರೆ ಮೊದಲ ಅನುಮಾನ ಹೊರಗಿನ ಸಿವಿ ಜಾಯಿಂಟ್ ಮೇಲೆ, ಅಂದರೆ ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಕೀಲಿನ ಮೇಲೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯಾ ಅಂತ ಚಕ್ರದ ಹಿಂದೆ ಬಗ್ಗಿ ನೋಡಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಬಿಟ್ಟ ಹಾಗೆ 'ಟೊಂಯ್' ಅಂದರೆ ಮಾತ್ರ ಬೇರೆ ಕಥೆ, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ನೋಡಿಸಿ.

ಯಾವ ಸದ್ದುಗಳು ಮಾಮೂಲು? ಸುಮ್ಮಸುಮ್ನೆ ಹೋಗಿ ಮುಜುಗರಪಡಲು ಇಷ್ಟವಿಲ್ಲ.

ಮುಜುಗರ ಏನಿಲ್ಲ, ಕೇಳುವುದರಲ್ಲಿ ತಪ್ಪಿಲ್ಲ. ಆದರೂ ಇವನ್ನು ತಿಳಿದಿರುವುದು ಒಳ್ಳೆಯದು. ಕಾರು ಆಫ್ ಮಾಡಿದ ಮೇಲೆ ಕೆಳಗಿನಿಂದ ಟಿಕ್ ಟಿಕ್ ಬರುತ್ತದೆ, ಕಾದ ಸೈಲೆನ್ಸರ್ ಪೈಪ್ ಆರುತ್ತಾ ಕುಗ್ಗುವ ಸದ್ದು ಅದು. ಆಫ್ ಆದ ಮೇಲೂ ಫ್ಯಾನ್ ತಿರುಗಬಹುದು. ಸ್ಟಾರ್ಟ್ ಮಾಡಿ ಸ್ವಲ್ಪ ಮುಂದೆ ಹೋದಾಗ ಒಂದೇ ಒಂದು ಸಲ 'ಟಕ್, ಗುರ್ರ್' ಬಂದರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದೆ. ಮಳೆಯಲ್ಲಿ ನಿಂತ ಕಾರಿನ ಬ್ರೇಕ್ ಮೊದಲ ನಾಲ್ಕೈದು ಸಲ ಕರಕರ ಅನ್ನುತ್ತದೆ. ಡಿಸ್ಕ್ ಮೇಲೆ ಹಿಡಿದ ತುಕ್ಕನ್ನು ಪ್ಯಾಡ್ ಉಜ್ಜಿ ತೆಗೆಯುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಟ್ಯಾಂಕಿನಲ್ಲಿ ಇಂಧನ ಕುಲುಕುವುದು, ಎಸಿ ಆಫ್ ಮಾಡಿದಾಗ ಸುಸ್ಸ್ ಅನ್ನುವುದು, ಪೆಟ್ರೋಲ್ ಇಂಜಿನ್ನಿನ ಇಂಜೆಕ್ಟರ್ ಟಿಕಟಿಕ ಅನ್ನುವುದು, ಎಲ್ಲ ಮಾಮೂಲು.

ಬಹಳ ಜನರನ್ನು ಹೆದರಿಸುವ ಸದ್ದು ಇನ್ನೊಂದಿದೆ. ಕಾರು ನಿಲ್ಲಿಸಿ ಗಂಟೆಗಟ್ಟಲೆ ಆದ ಮೇಲೆ, ಯಾರೂ ಹತ್ತಿರ ಇಲ್ಲದಾಗ, ಹಿಂದಿನಿಂದ ಸಣ್ಣಗೆ ಗುಂಯ್! ಕೆಲವು ಪೆಟ್ರೋಲ್ ಕಾರುಗಳು ಟ್ಯಾಂಕಿನ ಆವಿ ಸೋರುತ್ತಿದೆಯಾ ಅಂತ ಆಗ ಪಂಪ್ ಓಡಿಸಿ ನೋಡುತ್ತವೆ. ದೆವ್ವ ಅಲ್ಲ.

ಎಲೆಕ್ಟ್ರಿಕ್ ಕಾರು ಸದ್ದೇ ಮಾಡಲ್ಲ ಅಂದರು. ನಿಧಾನಕ್ಕೆ ಹೋದರೆ ಏನೋ ಗುನುಗುತ್ತದಲ್ಲ?

ಅದು ಬೇಕಂತಲೇ ಇಟ್ಟ ಸದ್ದು, ನಡೆದು ಹೋಗುವವರಿಗೆ ಕಾರು ಬಂತೆಂದು ತಿಳಿಯಲಿ ಅಂತ. ವಿಶ್ವಸಂಸ್ಥೆಯ 138ನೇ ವಾಹನ ನಿಯಮ ಗಂಟೆಗೆ 20 ಕಿ.ಮೀ. ವೇಗದವರೆಗೆ ಇದನ್ನು ಕೇಳುತ್ತದೆ, ರಿವರ್ಸ್ ಹೋಗುವಾಗಲೂ. ಯುರೋಪಿನ ಒಕ್ಕೂಟದಲ್ಲಿ 2021ರ ಜುಲೈಯಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೂ ಇದು ಕಡ್ಡಾಯ. ಆನ್ ಆಫ್ ಮಾಡಿದಾಗ ಬರುವ 'ಟಕ್' ಬ್ಯಾಟರಿಯ ದೊಡ್ಡ ಸ್ವಿಚ್ಚಿನದು. ಇಂಜಿನ್ ಸದ್ದು ಇಲ್ಲದ ಕಾರಣ ಇದುವರೆಗೆ ಮುಚ್ಚಿಹೋಗಿದ್ದ ಟೈರ್, ಗಾಳಿ, ಪ್ಲಾಸ್ಟಿಕ್ ಸದ್ದೆಲ್ಲ ಕಿವಿಗೆ ಬೀಳುತ್ತದೆ. ಹಾಗಂತ ಕಟಕಟ ಬಂದರೆ ಸಹಿಸಿಕೊಂಡು ಕೂರಬೇಕಿಲ್ಲ.

ವೇಗದಲ್ಲಿ ಸಿಳ್ಳೆ ಹಾಕಿದ ಹಾಗೆ ಬರುತ್ತದೆ. ಹಿಂದಿನ ಕಿಟಕಿ ಇಳಿಸಿದರೆ ಕಿವಿಗೆ ಗುಮ್ಮಿದ ಹಾಗೆ ಆಗುತ್ತದೆ.

ಎರಡೂ ಬೇರೆ ಬೇರೆ. ಸಿಳ್ಳೆಗೆ ಬಣ್ಣ ಹಾಳುಮಾಡದ ಮಾಸ್ಕಿಂಗ್ ಟೇಪ್ ಸಾಕು. ಕನ್ನಡಿಯ ಬುಡಕ್ಕೆ ಅಂಟಿಸಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿ. ನಿಲ್ಲಲಿಲ್ಲವಾ? ಬಾಗಿಲಿನ ಮೇಲಿನ ಸಂದಿಗೆ ಅಂಟಿಸಿ. ಎಲ್ಲಿ ಅಂಟಿಸಿದಾಗ ನಿಂತಿತೋ ಆ ಜಾಗದ ಫೋಟೋ ತೆಗೆದು ಒಯ್ಯಿರಿ. ಡೋರ್ ಬೀಡಿಂಗ್ ಬದಲಿಸಲು ಅಷ್ಟು ಸಾಕ್ಷಿ ಧಾರಾಳ.

ಗುಮ್ಮುವ ಸದ್ದು ದೋಷವೇ ಅಲ್ಲ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೂಂ ಅನ್ನುತ್ತದಲ್ಲ, ಇಲ್ಲಿ ಕಾರೇ ಬಾಟಲಿ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಇನ್ನೊಂದು ಕಿಟಕಿ ಚೂರು ಇಳಿಸಿ, ನಿಲ್ಲುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಸಾಕಾ?

ಮಾಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಫೋನು ಒಂದೇ ಸಮನೆ ಬರುವ ಗುಂಯ್ ಸದ್ದನ್ನು ಹಿನ್ನೆಲೆ ಗದ್ದಲ ಅಂತ ಅದುಮಿಬಿಡಬಹುದು. ಟಕ್, ಧಡ್ ಚೆನ್ನಾಗಿ ಸಿಗುತ್ತವೆ. ಬರೀ ಆಡಿಯೋಕ್ಕಿಂತ ವಿಡಿಯೋ ವಾಸಿ. ಸ್ಪೀಡೋಮೀಟರ್ ಮತ್ತು ಆರ್‌ಪಿಎಂ ಮುಳ್ಳು ಕಾಣುವ ಹಾಗೆ ಪಕ್ಕದಲ್ಲಿ ಕೂತವರು ತೆಗೆಯಲಿ, ಓಡಿಸುವವರು ಬೇಡ. ಹಾಡು, ಎಸಿ, ಮಾತು ಎಲ್ಲ ಬಂದ್.

ನನ್ನ ಜೊತೆ ಇದ್ದಾಗ ಬರುವ ಸದ್ದು ಅವರ ಮುಂದೆ ಮಾಯ. ಏನು ಮಾಡಲಿ?

ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಹಲ್ಲುನೋವು ನಿಂತ ಹಾಗೆ. ನನ್ನ ಕಾರಿನಲ್ಲೂ ಹೀಗೇ ಆಗಿತ್ತು. ಹಿಂದಿನಿಂದ 'ಕ್ಲಕ್, ಕ್ಲಕ್'. ಸಣ್ಣ ಉಬ್ಬಿನ ಮೇಲೂ ಬರುತ್ತಿತ್ತು. ಎರಡು ಸಲ ಒಯ್ದೆ. ಎರಡು ಸಲವೂ ಮೆಕ್ಯಾನಿಕ್ ಚೆನ್ನಾಗಿ ಕೇಳಿಸಲಿ ಅಂತ ಹಿಂದಿನ ಸೀಟಿನಲ್ಲಿ ಕೂತ, ನಾನು ಓಡಿಸಿದೆ. ಸದ್ದೇ ಇಲ್ಲ. ಶಾಕ್ ಅಬ್ಸಾರ್ಬರ್ ಬಿಗಿ ಮಾಡಿ ನೋಡಿದರು, ಸ್ಟೆಪ್ನಿ ಮತ್ತು ಜಾಕ್ ತೆಗೆದು ನೋಡಿದರು. ಆಮೇಲೆ ನನ್ನ ಕಿವಿಯ ಮೇಲೇ ನನಗೆ ಅನುಮಾನ ಬಂತು.

ಮೂರನೇ ಸಲ ಬೇರೊಬ್ಬರು ಬಂದರು, ವಯಸ್ಸಾದವರು. ಅವರು ಮುಂದೆ ಕೂತರು. ಗೇಟು ದಾಟುವ ಮೊದಲೇ ಕ್ಲಕ್! ಅವರು ಹಿಂದಕ್ಕೆ ಕೈಚಾಚಿ ಸೀಟಿನ ಬೆನ್ನನ್ನು ಒತ್ತಿ ಹಿಡಿದರು. ನಿಂತಿತು. ಕೈ ತೆಗೆದರು. ಕ್ಲಕ್. ಮಡಚುವ ಸೀಟಿನ ಬೆನ್ನು ಕೊಕ್ಕೆಗೆ ಸಿಕ್ಕಿಕೊಳ್ಳುವ ಕಡೆ ಚೂರು ಸಡಿಲ ಇತ್ತು, ಅಷ್ಟೇ. ಹಿಂದೆ ಯಾರಾದರೂ ಕೂತರೆ ಅವರ ಭಾರಕ್ಕೆ ಅದು ಬಿಗಿಯಾಗುತ್ತಿತ್ತು. ಸದ್ದು ಹುಡುಕಲು ಕೂತ ಮನುಷ್ಯನೇ ಸದ್ದನ್ನು ನಿಲ್ಲಿಸುತ್ತಿದ್ದ! ಕೊಕ್ಕೆ ಸರಿಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ಇದೂ ಇರಲಿ: ಕಾರಿನಲ್ಲಿ ಎಷ್ಟು ಜನ, ಎಲ್ಲೆಲ್ಲಿ ಕೂತಿದ್ದರು, ಡಿಕ್ಕಿಯಲ್ಲಿ ಏನಿತ್ತು, ಟ್ಯಾಂಕ್ ಎಷ್ಟು ತುಂಬಿತ್ತು. ಟೆಸ್ಟ್ ಡ್ರೈವ್‌ಗೆ ನಾನೂ ಜೊತೆಗೆ ಬರುತ್ತೇನೆ ಅಂತ ಮೊದಲೇ ಹೇಳಿ. ಕಾರು ತಣ್ಣಗಿರುವಾಗ ಮಾತ್ರ ಬರುವ ಸದ್ದಾದರೆ ಹಿಂದಿನ ಸಂಜೆಯೇ ಕಾರು ಬಿಟ್ಟು ಬನ್ನಿ, ಬೆಳಿಗ್ಗೆ ನಿಮ್ಮ ಎದುರೇ ಸ್ಟಾರ್ಟ್ ಮಾಡಲಿ. ಹೋಗುವ ಮೊದಲು ಬಾಗಿಲಿನ ಜೇಬು, ಕನ್ನಡಕದ ಡಬ್ಬಿ, ಗ್ಲೋವ್ ಬಾಕ್ಸ್, ಡಿಕ್ಕಿ ಎಲ್ಲ ಖಾಲಿ ಮಾಡಿ. ಅಲ್ಲೇ ಉರುಳುವ ಚಿಲ್ಲರೆ ನಾಣ್ಯ ಸಿಕ್ಕರೆ ನಿಮ್ಮ ದೂರಿಗೆ ಆಮೇಲೆ ಬೆಲೆ ಉಳಿಯಲ್ಲ.

ಜಾಬ್ ಕಾರ್ಡಿನಲ್ಲಿ ಏನು ಬರೆಸಬೇಕು?

ನಿಮ್ಮ ಮಾತಿನಲ್ಲೇ, ನಿಮ್ಮ ಟಿಪ್ಪಣಿ ಇದ್ದ ಹಾಗೇ. 'ಜನರಲ್ ಚೆಕಪ್' ಅಂತ ಬರೆದರೆ ಸಹಿ ಹಾಕಬೇಡಿ. ಸದ್ದಿನ ವಿಷಯ ಬಾಯಲ್ಲಿ ಎಷ್ಟು ಸಲ ಹೇಳಿದರೂ ಅದು ಹೇಳಿದ ಹಾಗಲ್ಲ, ಕಾಗದಕ್ಕೆ ಬಂದರೆ ಮಾತ್ರ ಹೇಳಿದ ಹಾಗೆ. ವಾಪಸ್ ಬರುವಾಗ ದಿನಾಂಕ, ಕಿಲೋಮೀಟರ್, ಅವರು ಏನು ನೋಡಿದರು ಅನ್ನುವುದೆಲ್ಲ ಇರುವ ಪ್ರತಿ ಕೇಳಿ ಪಡೆಯಿರಿ. 'ಸಮಸ್ಯೆ ಕಂಡುಬಂದಿಲ್ಲ' ಅಂತ ಬರೆದಿದ್ದರೂ ಆ ಕಾಗದ ಎಸೆಯಬೇಡಿ. ಮುಂದೆ ಕಂಪನಿಗೆ ಮೇಲ್ ಬರೆಯಬೇಕಾದರೆ ನಿಮ್ಮ ಕೈಯಲ್ಲಿರುವುದು ಅದೇ.

'ಈ ಮಾಡೆಲ್ ಎಲ್ಲ ಹೀಗೇ ಸರ್' ಅಂತಾರೆ.

'ಸರಿ, ಇದೇ ಮಾಡೆಲ್ಲಿನ ಇನ್ನೊಂದು ಕಾರು ಓಡಿಸಿ ತೋರಿಸಿ' ಅನ್ನಿ. ಜಗಳ ಬೇಡ, ನಗುನಗುತ್ತಲೇ ಕೇಳಿ. ಅಲ್ಲೇ ಟೆಸ್ಟ್ ಡ್ರೈವ್ ಕಾರು ಇರುತ್ತದಲ್ಲ. ಅದರಲ್ಲೂ ಬಂದರೆ ನಿಮಗೂ ಸಮಾಧಾನ. ಬರದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ಎಲ್ಲ ಕಾರಿನಲ್ಲೂ ಬರುತ್ತದೆ ಅಂದಾಗ ಇನ್ನೊಂದು ಪ್ರಶ್ನೆಯೂ ಕೇಳಬಹುದು: ಇದಕ್ಕೆ ಕಂಪನಿಯಿಂದ ಸರ್ವೀಸ್ ಬುಲೆಟಿನ್ ಬಂದಿದೆಯಾ? ಒಂದೇ ದೂರು ಬಹಳ ಕಾರುಗಳಿಂದ ಬಂದರೆ ಹೇಗೆ ಸರಿಮಾಡಬೇಕು ಅಂತ ತಯಾರಕರು ಸರ್ವೀಸ್ ಸೆಂಟರ್‌ಗಳಿಗೆ ಬರೆದು ಕಳಿಸುತ್ತಾರೆ.

ಸದ್ದಿಗೆಲ್ಲ ವಾರಂಟಿ ಇರುತ್ತದಾ?

ಸದ್ದಿಗೆ ಅಲ್ಲ, ಸದ್ದು ಮಾಡುವ ದೋಷಕ್ಕೆ. ಬ್ರೇಕ್ ಪ್ಯಾಡ್, ಕ್ಲಚ್, ವೈಪರ್ ಥರದ ಸವೆಯುವ ಪಾರ್ಟುಗಳು ಸವೆದು ಸದ್ದು ಬಂದರೆ ಸಾಮಾನ್ಯವಾಗಿ ಖರ್ಚು ನಿಮ್ಮದೇ. ಒಳಗಿನ ಪ್ಲಾಸ್ಟಿಕ್ ಕಿರಿಕಿರಿ, ಬಾಗಿಲು ಹೊಂದಿಸುವುದು ಇಂಥವಕ್ಕೆ ಕೆಲವು ಕಂಪನಿಗಳು ಪೂರ್ತಿ ವಾರಂಟಿಗಿಂತ ಕಡಿಮೆ ಅವಧಿ ಇಡುತ್ತವೆ. ವಾರಂಟಿ ಪುಸ್ತಕದಲ್ಲಿ ಆ ಪುಟವನ್ನು ಇವತ್ತೇ ತೆಗೆದು ಓದಿ. ಹೊರಗೆ ಹಾಕಿಸಿದ ಮಡ್ ಫ್ಲಾಪ್, ಸ್ಪೀಕರ್, ನಂಬರ್ ಪ್ಲೇಟ್ ಫ್ರೇಮ್ ಸದ್ದು ಮಾಡುತ್ತಿದ್ದರೆ ಕಂಪನಿ ಕೈ ಎತ್ತುತ್ತದೆ. ಅದು ನ್ಯಾಯವೇ.

ನಾನೇ ಬಿಚ್ಚಿ ನೋಡಲಾ?

ಬಿಚ್ಚಬೇಡಿ. ಒತ್ತಿ ನೋಡಿ, ತಟ್ಟಿ ನೋಡಿ, ಟೇಪ್ ಅಂಟಿಸಿ, ಸಾಮಾನು ತೆಗೆದಿಡಿ, ಅಷ್ಟು ಸಾಕು. ಕ್ಲಿಪ್ ಒಂದು ಮುರಿದರೂ ಹೊಸ ಸದ್ದು ನೀವೇ ತಂದುಕೊಂಡ ಹಾಗೆ. ಮತ್ತೆ ದಯವಿಟ್ಟು ಕೈಗೆ ಸಿಕ್ಕ ಎಣ್ಣೆಯ ಸ್ಪ್ರೇ ಹೊಡೆಯಬೇಡಿ. ಬ್ರೇಕಿಗೆ ಬಿದ್ದರೆ ಕಾರು ನಿಲ್ಲುವುದಿಲ್ಲ, ರಬ್ಬರ್ ಬುಷ್‌ಗೆ ಬಿದ್ದರೆ ಅದು ಉಬ್ಬಿ ಹಾಳಾಗಬಹುದು. ಸಾಲದ್ದಕ್ಕೆ ಎರಡು ದಿನ ಸದ್ದು ನಿಂತು, ಸರ್ವೀಸ್ ಸೆಂಟರ್‌ನಲ್ಲಿ ತೋರಿಸಲು ಏನೂ ಇರುವುದಿಲ್ಲ.

ವಾರಂಟಿ ಮುಗಿಯಲು ಎರಡೇ ವಾರ ಇದೆ. ಸದ್ದು ಇನ್ನೂ ಸಿಕ್ಕಿಲ್ಲ.

ಇವತ್ತೇ ಹೋಗಿ ಮತ್ತೊಮ್ಮೆ ಜಾಬ್ ಕಾರ್ಡ್ ಮಾಡಿಸಿ. ದಿನ ಮತ್ತು ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಆದ್ದರಿಂದ ಮೀಟರ್ ಕೂಡ ನೋಡಿಕೊಳ್ಳಿ, ಅಷ್ಟರಲ್ಲಿ ದೂರದ ಊರಿಗೆ ಹೋಗುವ ಯೋಚನೆ ಇದ್ದರೆ ಮುಂದೂಡಿ. ವಾರಂಟಿ ಒಳಗೇ ದೂರು ಕೊಟ್ಟಿದ್ದು ದಾಖಲಾಗಿದ್ದರೆ, ಆಮೇಲೆ ಸಿಕ್ಕ ದೋಷವನ್ನೂ ವಾರಂಟಿಯಲ್ಲೇ ಮಾಡಿಕೊಡಿ ಅಂತ ಕೇಳಲು ಗಟ್ಟಿ ಆಧಾರ ಸಿಗುತ್ತದೆ. ಹಳೆಯ ಜಾಬ್ ಕಾರ್ಡುಗಳನ್ನು ಸೇರಿಸಿ ಕಂಪನಿಯ ಗ್ರಾಹಕ ವಿಭಾಗಕ್ಕೂ ಅದೇ ದಿನ ಮೇಲ್ ಹಾಕಿ. ಅದೇ ಕಂಪನಿಯ ಇನ್ನೊಂದು ಸರ್ವೀಸ್ ಸೆಂಟರ್‌ನಲ್ಲೂ ತೋರಿಸಬಹುದು. ಅಲ್ಲಿ ಹಿಂದಿನವರ ದೂರು ಹೇಳುತ್ತಾ ಕೂರಬೇಡಿ, ಟಿಪ್ಪಣಿ ಕೈಗೆ ಕೊಟ್ಟು ಕಾರಿನ ಕೀ ಕೊಡಿ.